ಕಾಳು ಆರಿಸೋ ವಿಡಿಯೋ

ನಾನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ಊರಲ್ಲಿ ಎಲ್ಲರೂ ಟೀಚರಮ್ಮ ಅಂತಾರೆ. ಕೆಲಸಕ್ಕೆ ಸೇರಿ 17 ವರ್ಷ ಆಯ್ತು. ಅದರಲ್ಲಿ ಮೊದಲ 12 ವರ್ಷ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದ್ದೇನೆ. "ಮಕ್ಕಳನ್ನ ದಿನಾ ಕಳಿಸಿ, ಇಲ್ಲಿ ಊಟ ಒಂದೇ ಅಲ್ಲ, ಕಲಿಯೋದೂ ಇದೆ." ಎಲ್ಲರೂ ಹೂಂ ಅಂತಿದ್ದರು. ಮೂರು ವರ್ಷ ತುಂಬುತ್ತಿದ್ದ ಹಾಗೇ ಮಗುವನ್ನು ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತಿದ್ದರು. ದುಡ್ಡಿಲ್ಲದವರು ಮೊಟ್ಟೆ ಕೊಡುವ ದಿನ ಮಾತ್ರ ಕಳಿಸುತ್ತಿದ್ದರು.

ಅವರನ್ನು ದೂರಿ ಪ್ರಯೋಜನ ಇಲ್ಲ. ಅಂಗನವಾಡಿಗಳು ನಡೆಯೋದು ಐಸಿಡಿಎಸ್, ಅಂದರೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಡಿಯಲ್ಲಿ. ಅದು ಶುರುವಾದದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ನಮ್ಮ ಪಕ್ಕದ ಟಿ. ನರಸೀಪುರ ತಾಲ್ಲೂಕಿಗೆ, 100 ಕೇಂದ್ರಗಳ ಜೊತೆಗೆ. ನಮ್ಮ ಅತ್ತೆಯ ತವರು ಆ ಕಡೆಯೇ. ಅವರ ಕಾಲದಲ್ಲಿ ಜನ ಅದನ್ನ ಉಪ್ಪಿಟ್ಟಿನ ಸ್ಕೂಲು ಅಂತಿದ್ದರಂತೆ. ಯೋಜನೆಯ ಆರು ಸೇವೆಗಳಲ್ಲಿ ಶಾಲಾಪೂರ್ವ ಶಿಕ್ಷಣವೂ ಒಂದು. ಮೊದಲ ದಿನದಿಂದಲೂ ಇದೆ. ಆದರೆ ಹಿಟ್ಟು ಕಣ್ಣಿಗೆ ಕಾಣುತ್ತೆ, ಚುಚ್ಚುಮದ್ದು ಕಾಣುತ್ತೆ, ಮಗು ಆಡ್ತಾ ಕಲಿಯೋದು ಹೆತ್ತವರ ಕಣ್ಣಿಗೆ ಬೀಳೋದೇ ಇಲ್ಲ. ಅವರು ಬೆಳಿಗ್ಗೆ ಬಿಟ್ಟು ಹೋಗ್ತಾರೆ, ಸಂಜೆ ಕರ್ಕೊಂಡು ಹೋಗ್ತಾರೆ. ನಡುವೆ ಏನಾಯ್ತು ಅಂತ ಯಾರು ತೋರಿಸಿದ್ದರು?

2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಕೇಂದ್ರ ಮುಚ್ಚಿತು. ಆಹಾರ ಪದಾರ್ಥ ಮನೆಗೇ ಕೊಡಬೇಕಿತ್ತು. ಯಾರು ಯಾವಾಗ ಬರಬೇಕು ಅಂತ ತಿಳಿಸೋಕೆ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ರೇಷನ್ ಗ್ರೂಪ್ ಅಂತಲೇ ಅದರ ಹೆಸರು. ಕೇಂದ್ರ ಮತ್ತೆ ತೆರೆದ ಮೇಲೂ ಗ್ರೂಪ್ ಉಳಿಯಿತು. ಸರಿ, ಇದರಲ್ಲೇ ಶಿಕ್ಷಣದ ಬಗ್ಗೆ ಹೇಳೋಣ ಅಂತ ಸಿಕ್ಕ ಸಿಕ್ಕ ಪೋಸ್ಟರ್‌ಗಳನ್ನೆಲ್ಲ ಹಾಕುತ್ತಾ ಹೋದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರಲ್ಲಿ ಒಂದು ಮಾತಿದೆ, ಮೆದುಳು ಶೇ 85ಕ್ಕೂ ಜಾಸ್ತಿ ಬೆಳೆಯೋದು ಆರು ವರ್ಷದೊಳಗೇ ಅಂತ. ಅದನ್ನಂತೂ ಎಷ್ಟು ಸಲ ಹಾಕಿದೆನೋ. ನೀಲಿ ಟಿಕ್ ಬರುತ್ತಿತ್ತು, ಅಷ್ಟೇ. ಒಂದು ದಿನ ಬೋರ್‌ವೆಲ್ ಹತ್ತಿರ ಒಬ್ಬ ತಾಯಿ ಕೇಳಿದಳು, "ಟೀಚರ್, ಆ 85 ನೋಡ್ದೆ. ಅದಕ್ಕೀಗ ನಾನೇನ್ ಮಾಡ್ಬೇಕು?"

ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ಪ್ರಶ್ನೆ ಬಹಳ ದಿನ ಕೊರೆಯಿತು.

2022ರ ಡಿಸೆಂಬರ್. ಅವರೆಕಾಯಿ ಕಾಲ. ಮೂರು ಕರಟ ಇಟ್ಟು, ಒಂದು ತಟ್ಟೆಯಲ್ಲಿ ಹೆಸರುಕಾಳು, ಹುರುಳಿ, ಅವರೆಕಾಳು ಬೆರೆಸಿ ಮಕ್ಕಳ ಮುಂದೆ ಇಟ್ಟಿದ್ದೆ. ಇಂಥ ಆಟಗಳು ಇಲಾಖೆಯ ಚಿಲಿಪಿಲಿ ಪುಸ್ತಕದಲ್ಲಿ ಬೇಕಾದಷ್ಟಿವೆ, ನಾನೇನೂ ಹೊಸದು ಕಂಡುಹಿಡಿದಿಲ್ಲ. ನಾಲ್ಕು ವರ್ಷ ಇನ್ನೂ ತುಂಬದ ಒಬ್ಬ ಹುಡುಗ ಮೊದಲು ಇಡೀ ಮುಷ್ಟಿಯಲ್ಲಿ ಬಾಚಿದ. ಎಲ್ಲ ಚೆಲ್ಲಿತು. ಆಮೇಲೆ ಹೆಬ್ಬೆರಳು, ಎರಡು ಬೆರಳು ಸೇರಿಸಿ ಒಂದೊಂದೇ ಎತ್ತೋಕೆ ಶುರು ಮಾಡಿದ. ನಾಲಿಗೆ ತುದಿ ಹೊರಗೆ. ಹೆಸರುಕಾಳಿನ ಕರಟಕ್ಕೆ ಒಂದು ಹುರುಳಿ ಬಿತ್ತು. ಅವನು ಕೈ ನಿಲ್ಲಿಸಿ ನೋಡಿದ. ನಾನು ಏನೂ ಹೇಳಲಿಲ್ಲ. ಅವನೇ ಅದನ್ನ ಹುಡುಕಿ ಎತ್ತಿ, ಸರಿಯಾದ ಕರಟಕ್ಕೆ ಹಾಕಿದ.

ಪುಣ್ಯಕ್ಕೆ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿ ಇಟ್ಟಿದ್ದೆ. 40 ಸೆಕೆಂಡಿನ ವಿಡಿಯೋ. ಮುಖ ಬಂದಿಲ್ಲ, ಬರೀ ಕೈ. ರಾತ್ರಿ ಅದಕ್ಕೆ ನನ್ನ ದನಿ ಸೇರಿಸಿದೆ. "ನೋಡಿ, ಹೆಬ್ಬೆರಳು, ಎರಡು ಬೆರಳು. ನಾಳೆ ಪೆನ್ಸಿಲ್ ಹಿಡಿಯೋದು ಇವೇ ಬೆರಳು. ಯಾವ ಕಾಳು ಯಾವ ಕರಟಕ್ಕೆ ಅಂತ ಯೋಚನೆ ಮಾಡ್ತಾವೆ ಮಕ್ಕಳು, ಲೆಕ್ಕ ಶುರುವಾಗೋದು ಅಲ್ಲೇ. ನಾಳೆ ನೀವು ಅವರೆಕಾಯಿ ಬಿಡಿಸುವಾಗ ಒಂದು ಹಿಡಿ ಮಗು ಮುಂದೆ ಇಡಿ, ಪಕ್ಕದಲ್ಲೇ ಕೂತ್ಕೊಳ್ಳಿ, ಮೂಗಿಗೆ ಕಿವಿಗೆ ಹಾಕ್ಕೊಂಡಾವು."

ಒಂಬತ್ತು ಗಂಟೆಗೆ ಫೋನ್ ಬಂತು. ಆ ಹುಡುಗನ ಅಪ್ಪ. ಬೆಂಗಳೂರಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಊರಿಗೆ ಬರ್ತಾರೆ. "ಮಿಸ್, ಅದು ನಮ್ಮ ಮಗಾನೇ ಅಲ್ವಾ? ಕೈಲಿ ಕಪ್ಪು ದಾರ ನೋಡ್ದೆ." ಮುಖ ಇಲ್ಲದಿದ್ದರೂ ಮಗನ ಮಣಿಕಟ್ಟು ಗುರುತು ಸಿಕ್ಕಿತ್ತು. ಆ ಹುರುಳಿಕಾಳನ್ನ ಅವನೇ ತೆಗೆದದ್ದನ್ನು ಎಷ್ಟೋ ಸಲ ನೋಡಿದರಂತೆ. "ಅವ್ನಿಗೆ ಅಷ್ಟೆಲ್ಲ ತಿಳೀತದಾ?" ಅಂತ ಕೇಳಿದರು. ದನಿ ತುಂಬಿ ಬಂದಿತ್ತು. ಜೂನ್‌ನಲ್ಲಿ ಕಾನ್ವೆಂಟಿಗೆ ಸೇರಿಸಬೇಕು ಅಂತಿದ್ದ ಮಗು ಅದು. ಇನ್ನೊಂದು ವರ್ಷ ನಮ್ಮಲ್ಲೇ ಉಳಿಯಿತು.

ಅಂದಿನಿಂದ ನನ್ನ ವಿಡಿಯೋಗಳೆಲ್ಲ ಅದೇ ಅಚ್ಚಿನಲ್ಲಿ ಬರ್ತವೆ. ಒಂದು ನಿಮಿಷದೊಳಗೆ ಮೂರು ಮಾತು: ಮಗು ಏನು ಮಾಡ್ತಿದೆ, ಅದರಿಂದ ಏನು ಕಲೀತಿದೆ, ಮನೇಲಿ ನೀವೇನು ಮಾಡಬಹುದು. ಮೂರನೇದು ಇಲ್ಲದಿದ್ರೆ ಹಾಕೋದೇ ಇಲ್ಲ. ಬೋರ್‌ವೆಲ್ ಹತ್ತಿರ ಆ ತಾಯಿ ಕೇಳಿದ್ದು ಅದನ್ನೇ ಅಲ್ವಾ? ಮನೆಯಲ್ಲಿ ಇಲ್ಲದ ಸಾಮಾನು ಹೇಳಲ್ಲ. ಕರಟ, ಬಾಟಲಿ ಮುಚ್ಚಳ, ಹುಣಸೆ ಬೀಜ, ಹಳೇ ಸೀರೆ ತುಂಡು, ಇಷ್ಟರಲ್ಲೇ ಆಗಬೇಕು. ಮಾತಾಡೋದು ನಮ್ಮೂರ ಕನ್ನಡದಲ್ಲೇ. 'ಸೂಕ್ಷ್ಮ ಸ್ನಾಯು ಚಾಲನಾ ಕೌಶಲ್ಯ' ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ, ಅದು ನನಗೆ ಗೊತ್ತಿದ್ದರೆ ಸಾಕು.

ಹೊತ್ತೂ ಮುಖ್ಯ. ನಮ್ಮೂರ ತಾಯಂದಿರಲ್ಲಿ ಸುಮಾರು ಜನ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಬೆಳಿಗ್ಗೆ ಬೆಳಕು ಹರಿಯೋ ಹೊತ್ತಿಗೇ ಬಸ್ಸು. ಮಕ್ಕಳನ್ನ ಬಿಡೋದು ಅಜ್ಜಿಯರು. ಹಗಲಲ್ಲಿ ಹಾಕಿದ ಮೆಸೇಜು ರಾತ್ರಿಗೆ ಯಾವುದೋ ಗುಡ್ ಮಾರ್ನಿಂಗ್ ಚಿತ್ರದ ಕೆಳಗೆ ಹೂತು ಹೋಗಿರುತ್ತೆ. ಅದಕ್ಕೆ ಗ್ರೂಪಲ್ಲಿ ಅಡ್ಮಿನ್ ಮಾತ್ರ ಹಾಕೋ ಹಾಗೆ ಮಾಡಿ, ರಾತ್ರಿ ಎಂಟೂವರೆಗೆ ಕಳಿಸೋಕೆ ಶುರು ಮಾಡಿದೆ. ಶನಿವಾರ ಎಲ್ಲರಿಗೂ ತೆರೆದಿಡ್ತೀನಿ. ಓದೋಕೆ ಬಾರದ ಅಜ್ಜಿಯರಿಗೆ ವಾಯ್ಸ್ ಮೆಸೇಜು. ಸ್ಮಾರ್ಟ್‌ಫೋನೇ ಇಲ್ಲದ ಮನೆಗಳೂ ಇವೆ. ಅಲ್ಲಿಗೆ ಗೃಹಭೇಟಿಗೆ ಹೋದಾಗ ನನ್ನ ಫೋನಲ್ಲೇ ತೋರಿಸ್ತೀನಿ. ನಿಜ ಹೇಳಬೇಕು ಅಂದ್ರೆ, ಜಗಲಿ ಮೇಲೆ ಕೂತು ಒಟ್ಟಿಗೆ ನೋಡಿದ ಮನೆಗಳಲ್ಲಿ ಆದ ಬದಲಾವಣೆ ಗ್ರೂಪಿನಲ್ಲಿ ಆದದ್ದಕ್ಕಿಂತ ಜಾಸ್ತಿ. ಫೋನು ಮಾತು ಶುರು ಮಾಡೋಕೆ ಒಂದು ನೆಪ ಕೊಡುತ್ತೆ, ಅಷ್ಟೇ.

ಒಂದು ದೊಡ್ಡ ತಪ್ಪು ನನ್ನಿಂದ ಆಗಿದೆ. ಮಕ್ಕಳ ತೂಕ ನೋಡುವ ದಿನ ತಕ್ಕಡಿಯ ಫೋಟೋ ತೆಗೆದು ನನ್ನ ಸ್ಟೇಟಸ್‌ಗೆ ಹಾಕಿದ್ದೆ. ಕೆಲಸ ಆಗ್ತಿದೆ ಅಂತ ತೋರಿಸೋ ಆಸೆ. ಅದರಲ್ಲಿ ಒಂದು ಸಣಕಲು ಮಗು ಇತ್ತು. ಮುಖ ಚೆನ್ನಾಗಿ ಕಾಣ್ತಿತ್ತು. ಅದನ್ನ ನೋಡಿದ ನೆಂಟರೊಬ್ಬರು ಆ ತಾಯಿಗೆ ಫೋನ್ ಮಾಡಿ, "ಮಗೀಗೆ ಊಟ ಹಾಕಲ್ವಾ?" ಅಂದರಂತೆ. ಒಂದು ವಾರ ಮಗು ಬರಲಿಲ್ಲ. ನಾನು ಮನೆಗೆ ಹೋದರೆ ಅವಳು ಒಳಗಿಂದ ಹೊರಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. ಎರಡನೇ ದಿನವೂ ಹೋದೆ. ಮೂರನೇ ದಿನ ಒಳಗೆ ಕರೆದು ಟೀ ಕೊಟ್ಟಳು, ಆದರೆ ಅವಳು ಅತ್ತದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಆಮೇಲೆ ಒಂದು ಪುಸ್ತಕ ಮಾಡಿದೆ. ಪ್ರತಿ ವರ್ಷ ಜೂನ್‌ನಲ್ಲಿ ಪ್ರತಿ ಮಗುವಿನ ಹೆತ್ತವರನ್ನು ಕೇಳಿ ಬರೆಸಿಕೊಳ್ತೀನಿ. ಫೋಟೋ ಬೇಡ, ಕೈ ಮಾತ್ರ ಆದರೆ ಸರಿ, ಗ್ರೂಪಲ್ಲಿ ಮಾತ್ರ ಸರಿ, ಹೀಗೆ ಅವರು ಹೇಳಿದ ಹಾಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯೂ ಮಕ್ಕಳ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ನನಗೆ ಆ ಕಾಯ್ದೆಗಿಂತ ಆ ತಾಯಿಯ ಮುಖ ಸಾಕು. ತೂಕ, ಅಳು, ಊಟಕ್ಕೆ ಕೂತ ಸಾಲು, ಚಡ್ಡಿ ಒದ್ದೆಯಾದ ಮಗು, ಇವ್ಯಾವೂ ನನ್ನ ಫೋನಿಂದ ಆಚೆ ಹೋಗಲ್ಲ. ಮಕ್ಕಳನ್ನ ಕುಣಿಸಿ ರೀಲ್ಸ್ ಮಾಡಿ, ಜಾಸ್ತಿ ಜನ ನೋಡ್ತಾರೆ ಅಂತ ಕೆಲವರು ಹೇಳಿದರು. ನನಗೆ ಬೇಕಾಗಿರೋದು ನಮ್ಮೂರ ಅರವತ್ತು ಎಪ್ಪತ್ತು ಜನ ಹೆತ್ತವರು, ಅಜ್ಜಿ ತಾತಂದಿರು. ಅವರು ನೋಡಿದರೆ ಸಾಕು.

ತಾಯಂದಿರ ಸಭೆಯಲ್ಲಿ ಪ್ರತಿ ಸಲ ಬರೋ ಪ್ರಶ್ನೆ ಒಂದಿದೆ. "ಎ ಬಿ ಸಿ ಡಿ ಬರೆಸಲ್ವಾ?" ಮೊದಮೊದಲು ನಾನು ಕಾನ್ವೆಂಟನ್ನ ಬೈಯುತ್ತಿದ್ದೆ. ಅದರಿಂದ ಜನ ದೂರ ಆದರು. ಹೊಟ್ಟೆ ಬಟ್ಟೆ ಕಟ್ಟಿ ಫೀಸು ಕಟ್ಟೋ ತಾಯಿಗೆ ನೀನು ಮಾಡ್ತಿರೋದು ತಪ್ಪು ಅಂದ್ರೆ ಅವಳು ಯಾಕೆ ಕೇಳ್ತಾಳೆ? ಈಗ ಹಾಗೆ ಮಾಡಲ್ಲ. ಒಂದು ಮಗು ಜೂನ್‌ನಲ್ಲಿ ಗೀಚಿದ ಕಾಗದ, ಅದೇ ಮಗು ಫೆಬ್ರವರಿಯಲ್ಲಿ ಬರೆದ ಮನೆ, ಸೂರ್ಯ, ಕೋಳಿ, ಎರಡನ್ನೂ ಪಕ್ಕ ಪಕ್ಕ ಹಿಡಿದು ತೋರಿಸ್ತೀನಿ. ಕೋಳಿಗೆ ಎರಡು ಕಾಲು ಎಣಿಸಿ ಹಾಕಿರುತ್ತೆ. "ಈ ಕೈಗೆ ಅಕ್ಷರ ಎಷ್ಟು ದಿನದ ಕೆಲಸ, ನೀವೇ ಹೇಳಿ" ಅಂತ ಕೇಳ್ತೀನಿ. ಅಪ್ಪಂದಿರಿಗೂ ಹೇಳಿದ್ದೇನೆ, ಫೋನಲ್ಲಿ ಮಗು ಸಿಕ್ಕರೆ ಎ ಬಿ ಸಿ ಡಿ ಹೇಳು ಅನ್ನಬೇಡಿ, ಇವತ್ತು ಏನಾಟ ಆಡಿದೆ ಅಂತ ಕೇಳಿ, ಅದು ಕತೆ ಕಟ್ಟಿ ಹೇಳುತ್ತೆ ಅಂತ.

2025ರಲ್ಲಿ ಈ ಗ್ರೂಪು ನಿಜಕ್ಕೂ ಕೆಲಸಕ್ಕೆ ಬಂತು. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮದ ಸುದ್ದಿ ಊರೆಲ್ಲ ಹರಡಿತ್ತು. ಏಪ್ರಿಲ್‌ನಲ್ಲಿ ಸರ್ಕಾರ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಯುಕೆಜಿ ಮುಗಿಸಿರಬೇಕು ಅಂತಲೂ ಹೇಳಿತು. ಮುಂದಿನ ವರ್ಷದಿಂದ ಆರು ವರ್ಷ ಕಡ್ಡಾಯ ಅಂತಲೂ ಹೇಳಿತು. ಒಬ್ಬೊಬ್ಬರ ಫೋನಲ್ಲಿ ಒಂದೊಂದು ಸುದ್ದಿ. ವಯಸ್ಸು ತಿದ್ದಿಸೋಕೆ ಆಗುತ್ತಾ ಅಂತ ಕೇಳಿದವರೂ ಇದ್ದರು. ಸೂಪರ್‌ವೈಸರ್ ಮೇಡಂ ಹತ್ತಿರ ಕೇಳಿ ಖಚಿತ ಮಾಡಿಕೊಂಡೆ. ಆಮೇಲೆ ಎರಡು ನಿಮಿಷದ ವಾಯ್ಸ್ ಮೆಸೇಜು ಹಾಕಿದೆ. ಎಲ್ಲರ ಬಾಯಲ್ಲೂ ಒಂದೇ ಮಾತು, "ಒಂದು ವರ್ಷ ವೇಸ್ಟ್ ಆಗೋಯ್ತು." ಅದಕ್ಕೆ ಮೂರು ವಾರ ಬರೀ ಐದು ದಾಟಿದ ಮಕ್ಕಳ ವಿಡಿಯೋ ಹಾಕಿದೆ. ಕೇಳಿದ ಕತೆಯನ್ನ ತಿರುಗಿಸಿ ಹೇಳೋದು, ಚಿಕ್ಕವರಿಗೆ ಆಟ ಹೇಳಿಕೊಡೋದು, ಹುಣಸೆ ಬೀಜದಲ್ಲಿ ಕೂಡೋದು. ಆ ವರ್ಷದಲ್ಲಿ ಮಗು ಎಷ್ಟು ಬೆಳೆಯುತ್ತೆ ಅಂತ ಹೇಳೋಕೆ ನನಗೆ ಬೇರೆ ದಾರಿ ಕಾಣಲಿಲ್ಲ.

ಪಂಚಾಯ್ತಿ ವಿಷಯ ಬೇರೆ. ಅಲ್ಲೂ ನಾನು ಮೊದಲು ಎಡವಿದೆ. ಕೇಂದ್ರದ ನೆಲ ಕಿತ್ತು ಹೋಗಿತ್ತು, ಮಳೆ ಬಂದ್ರೆ ಮೂಲೆಯಲ್ಲಿ ನೀರು. ಸಿಟ್ಟಲ್ಲಿ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದೆ. ಲೈಕ್ ಬಂದವು, ಬೈಗುಳವೂ ಬಂತು, ನೆಲ ಹಾಗೇ ಇತ್ತು. ನಮಗೆ ಒಂದು ಮಾತು ಹೇಳದೆ ಊರ ಮಾನ ಕಳೆದರು ಅಂತ ಸದಸ್ಯರಿಗೆ ಬೇಸರ. ಅವರ ಮಾತಲ್ಲೂ ಸತ್ಯ ಇತ್ತು. ಪೋಸ್ಟ್ ತೆಗೆದೆ. ಅಂಗನವಾಡಿಗೆ ಅಂತ ಊರಿನವರದ್ದೇ ಇರೋ ಬಾಲ ವಿಕಾಸ ಸಮಿತಿಯ ಸಭೆ ಕರೆದು ಅರ್ಜಿ ಬರೆಸಿದೆ. ಗ್ರಾಮಸಭೆಗೆ ಆರು ಜನ ತಾಯಂದಿರನ್ನು ಕರ್ಕೊಂಡು ಹೋದೆ. ನಾನು ಎರಡೇ ನಿಮಿಷ ಮಾತಾಡಿದೆ. ಆ ನೆಲದ ಮೇಲೆ ಮಕ್ಕಳು ಒದ್ದೆ ಇಲ್ಲದ ಜಾಗ ಹುಡುಕಿ ಒತ್ತಿಕೊಂಡು ಕೂತಿರೋ ವಿಡಿಯೋವನ್ನ ಅಧ್ಯಕ್ಷರ ಕೈಗೇ ಫೋನ್ ಕೊಟ್ಟು ತೋರಿಸಿದೆ. ಉಳಿದದ್ದನ್ನ ತಾಯಂದಿರೇ ಹೇಳಿದರು. ಕೇಳಿದ್ದು ನೆಲ ಒಂದೇ. ಕಾಂಪೌಂಡು, ನೀರಿನ ಟ್ಯಾಂಕು, ಯಾವುದರ ಹೆಸರೂ ಎತ್ತಲಿಲ್ಲ. ಅರ್ಜಿಗೆ ಸ್ವೀಕೃತಿ ತಗೊಂಡು ಬಂದೆ.

ಏಳು ತಿಂಗಳು ಹಿಡಿಯಿತು. ನೆಲ ಆಯ್ತು. ಅವತ್ತು ಮಕ್ಕಳು ಹೊಸ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆಯೋ ವಿಡಿಯೋ ಹಾಕಿ ಪಂಚಾಯ್ತಿಗೆ ಧನ್ಯವಾದ ಹೇಳಿದೆ. ಸದಸ್ಯರೊಬ್ಬರು ಅದನ್ನ ತಮ್ಮ ಸ್ಟೇಟಸ್‌ಗೆ ಹಾಕಿಕೊಂಡರು. ಪಕ್ಕದ ಊರಿನ ಕಾರ್ಯಕರ್ತೆ ಫೋನ್ ಮಾಡಿ, "ಅಕ್ಕ, ಅರ್ಜಿ ಹೇಗೆ ಬರೆದ್ರಿ, ಕಳಿಸಿ" ಅಂದಳು. ಕಳಿಸಿದೆ.

ಇದೆಲ್ಲ ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ದಿನದ ವಿವರ ತುಂಬಿ, ರಿಜಿಸ್ಟರ್ ಬರೆದು, ಅಡುಗೆ ಉಸ್ತುವಾರಿ ನೋಡಿ, ಉಳಿದ ಹೊತ್ತಲ್ಲಿ ಮಾಡಬೇಕು. ಹಾಗಾಗಿ ವಾರಕ್ಕೆ ಒಂದೇ ವಿಡಿಯೋ. ಸಹಾಯಕಿ ಅಕ್ಕ ಈಗ ನನಗಿಂತ ಚೆನ್ನಾಗಿ ಫೋನ್ ಹಿಡೀತಾರೆ. ಮಗು ಕೈ ನಿಲ್ಲಿಸಿ ಯೋಚನೆ ಮಾಡೋ ಆ ಕ್ಷಣ ಬಂದಾಗ ಅವರಿಗೆ ಗೊತ್ತಾಗುತ್ತೆ, ಅಲುಗಾಡಲ್ಲ.

ಈ ವಾರದ್ದು ಇನ್ನೂ ಆಗಿಲ್ಲ. ನೀರು ಅಳೆಯೋ ಆಟ ಅಂದುಕೊಂಡಿದ್ದೇನೆ, ಒಂದು ಚೊಂಬಿಗೆ ಎಷ್ಟು ಲೋಟ ಅಂತ. ಮನೇಲಿ ಎಲ್ಲರ ಹತ್ತಿರವೂ ಚೊಂಬು ಇರುತ್ತೆ. ನಾಳೆ ಬಿಸಿಲು ಚೆನ್ನಾಗಿದ್ದರೆ ಹೊರಗೆ, ಹೊಂಗೆ ಮರದ ಕೆಳಗೆ ಮಾಡಬೇಕು.