ವೀರ್ಯ ಪರೀಕ್ಷೆ: ಮೊದಲ ಹನಿಯೂ ಡಬ್ಬಿಗೇ ಬೀಳಬೇಕು

ಮದುವೆಯಾಗಿ ವರ್ಷ ಕಳೆದರೂ ಗರ್ಭ ನಿಲ್ಲದಿದ್ದರೆ ಹೆಂಡತಿ ಹಾಸನದ ಆಸ್ಪತ್ರೆಗಳನ್ನೆಲ್ಲ ಸುತ್ತಿ ಬಂದ ಮೇಲೆ ಗಂಡನ ಸರದಿ. ಇದು ಅನ್ಯಾಯ. ಗಂಡಿನ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಇಬ್ಬರದೂ ಒಟ್ಟಿಗೇ ಆಗಲಿ.

ಮೊದಲು ದಿನ ಗೊತ್ತುಮಾಡಿ. ಕೊನೆಯ ಸ್ಖಲನವಾಗಿ ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ಆಗಿರಬೇಕು. ಅದಕ್ಕಿಂತ ಬೇಗ ಹೋದರೆ ಎಣಿಕೆ ತಗ್ಗುತ್ತದೆ, ತಡವಾದರೆ ಹಳೆಯ ವೀರ್ಯಾಣುಗಳು ಸೇರಿ ಚಲನೆ ಕುಗ್ಗುತ್ತದೆ. ಕಳೆದ ಮೂರು ತಿಂಗಳಲ್ಲಿ ಜೋರು ಜ್ವರ ಬಂದಿದ್ದರೆ ಮುಚ್ಚಿಡಬೇಡಿ. ವೃಷಣದಲ್ಲಿ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆಮೇಲೆ ವೃಷಣದ ಬೆನ್ನಿಗಂಟಿದ ಎಪಿಡಿಡಿಮಿಸ್ ಎಂಬ ಸುರುಳಿ ನಾಳದಲ್ಲಿ ಬಲಿತು ಈಜುವ ಶಕ್ತಿ ಪಡೆಯಲು ಮತ್ತೆ ಒಂದೆರಡು ವಾರ. ಮೈಗಿಂತ 2ರಿಂದ 4 ಡಿಗ್ರಿ ತಂಪು ಬೇಕೆಂದೇ ವೃಷಣಗಳು ಹೊರಗಿನ ಚೀಲದಲ್ಲಿವೆ. ಹಾಗಾಗಿ ಅಂದಿನ ಜ್ವರದ ಪೆಟ್ಟು ಇಂದಿನ ವರದಿಯಲ್ಲಿ ಕಾಣುತ್ತದೆ.

ಮೂತ್ರ ಮಾಡಿ, ಕೈ ಮತ್ತು ಶಿಶ್ನ ತೊಳೆದು ಒರೆಸಿಕೊಳ್ಳಿ. ಲ್ಯಾಬ್ ಕೊಟ್ಟ ಡಬ್ಬಿಗೇ ಹಸ್ತಮೈಥುನದಿಂದ ಸಂಗ್ರಹಿಸಿ. ಎಣ್ಣೆ, ಸೋಪು, ಎಂಜಲು, ಮಾಮೂಲಿ ಕಾಂಡೋಮ್ ಬೇಡ. ಇವು ವೀರ್ಯಾಣುವಿಗೆ ಹಾನಿ ಮಾಡಬಹುದು. ವೀರ್ಯಾಣುಗಳು ಹೆಚ್ಚಾಗಿ ಮೊದಲ ಭಾಗದಲ್ಲೇ ಬರುತ್ತವೆ, ನಂತರದ್ದು ಬಹುಪಾಲು ವೀರ್ಯಕೋಶ ಎಂಬ ಗ್ರಂಥಿಗಳ ದ್ರವ. ಮೊದಲ ಹನಿಗಳು ಚೆಲ್ಲಿದರೆ ವರದಿ ಸುಳ್ಳಾಗುತ್ತದೆ. ಚೆಲ್ಲಿತೆಂದು ನಾಚದೆ ಹೇಳಿ, ಇನ್ನೊಂದು ದಿನ ಕೊಡಿ.

ಲ್ಯಾಬಿನ ಕೋಣೆಯಲ್ಲೇ ಕೊಡುವುದು ಉತ್ತಮ. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ಪರೀಕ್ಷೆ ಶುರುವಾಗಬೇಕು. ಸಕಲೇಶಪುರದ ಆಚೆಯ ಊರುಗಳಿಂದ ಬಸ್ಸಿನಲ್ಲಿ ತರುವ ಲೆಕ್ಕ ಬೇಡ. ಹತ್ತಿರದವರು ಕಾಫಿ ಕೊಯ್ಲಿನ ಕಾಲದ ಚಳಿ ತಾಗದಂತೆ ಡಬ್ಬಿಯನ್ನು ಅಂಗಿಯ ಒಳಗೆ, ಮೈಗೆ ಒತ್ತಿ ತನ್ನಿ. ಫ್ರಿಜ್ಜು, ಐಸು ಎರಡೂ ತಪ್ಪು.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಪ್ರತಿ ಮಿಲಿಗೆ 1.6 ಕೋಟಿ ವೀರ್ಯಾಣು, ಚಲನೆ ಶೇ 42, ಸರಿಯಾದ ಆಕಾರ ಶೇ 4. ನೂರರಲ್ಲಿ ನಾಲ್ಕೇ ಎಂದು ಗಾಬರಿಯಾಗಬೇಡಿ. ಇವು ಪಾಸು-ಫೇಲಿನ ಅಂಕಗಳಲ್ಲ. ಇದಕ್ಕಿಂತ ಕಡಿಮೆ ಇದ್ದವರೂ ತಂದೆಯಾಗಿದ್ದಾರೆ. ವರದಿ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸದೆ ಯಾವ ತೀರ್ಮಾನಕ್ಕೂ ಬರಬೇಡಿ.

ಶಕ್ತಿ ಬರುತ್ತದೆಂದು ಯಾರೋ ಹೇಳಿದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಮಾತ್ರ ಹಾಕಿಸಿಕೊಳ್ಳಲೇಬೇಡಿ. ಹೊರಗಿಂದ ಹಾರ್ಮೋನು ಬಂತೆಂದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕಳಿಸುವ ಸೂಚನೆ ನಿಲ್ಲಿಸುತ್ತದೆ, ಎಣಿಕೆ ಸೊನ್ನೆಗೂ ಇಳಿಯಬಹುದು. ಈಗಾಗಲೇ ಹಾಕಿಸಿಕೊಂಡಿದ್ದರೆ ವೈದ್ಯರ ಮುಂದೆ ಮೊದಲು ಹೇಳಬೇಕಾದ ಮಾತು ಅದೇ.