ಕ್ಯೋನಿಗ್‌ಗ್ರೇಟ್ಸ್‌ಗೆ ತಡವಾಗಿ ಬಂದ ಯುವರಾಜ: ಜರ್ಮನಿಯ ಪರ್ಯಾಯ ಇತಿಹಾಸ ಬರೆಯುವ ಬಗೆ

ಹಲವು ರಾಜ್ಯಗಳಾಗಿ ಹಂಚಿಹೋಗಿದ್ದ ಜರ್ಮನಿ, ಅವುಗಳಲ್ಲೊಂದಾದ ಪ್ರಷ್ಯದ ಕೈಯಲ್ಲಿ ಒಂದಾಗದೆ ಹೋಗಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಹಿಡಿದು ಕಥೆ ಬರೆಯಲು ಹೊರಡುವವರು, ಇತಿಹಾಸ ಬೇರೆ ದಾರಿ ಹಿಡಿಯುವ ದಿನವೊಂದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿನವರಿಗೆ ಥಟ್ಟನೆ ಹೊಳೆಯುವ ಉಪಾಯ ಪ್ರಷ್ಯದ ಪ್ರಧಾನಿ ಬಿಸ್ಮಾರ್ಕನನ್ನು ಕೊಲ್ಲಿಸುವುದು. 1866ರ ಮೇ 7ರಂದು ಬರ್ಲಿನ್ನಿನ ನಡುಬೀದಿಯಲ್ಲಿ ಯುವಕನೊಬ್ಬ ಅವನ ಮೇಲೆ ನಿಜಕ್ಕೂ ಗುಂಡು ಹಾರಿಸಿದ್ದ. ಆದರೂ ಇದು ಸೋಮಾರಿ ಉಪಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಆಸ್ಟ್ರಿಯವನ್ನು ಹೊರಗಿಟ್ಟು 1834ರಲ್ಲಿ ಆರಂಭವಾದ ಜರ್ಮನ್ ರಾಜ್ಯಗಳ ಸುಂಕ ಒಕ್ಕೂಟವೂ ಪ್ರಷ್ಯದ ರೈಲು ಮಾರ್ಗಗಳೂ ಅವನೊಂದಿಗೆ ಸಾಯುವುದಿಲ್ಲ.

ವ್ಯಕ್ತಿಯ ಸ್ವಭಾವವನ್ನು ಬದಲಿಸದೆ ಸಂದರ್ಭವನ್ನಷ್ಟೇ ಬದಲಿಸಿ. 1849ರಲ್ಲಿ ಫ್ರಾಂಕ್‌ಫರ್ಟಿನ ಸಂಸತ್ತು 290 ಮತಗಳಿಂದ ನೀಡಿದ ಚಕ್ರವರ್ತಿ ಪಟ್ಟವನ್ನು ಪ್ರಷ್ಯದ ನಾಲ್ಕನೆಯ ಫ್ರೀಡ್ರಿಶ್ ವಿಲ್ಹೆಲ್ಮ್ ನಿರಾಕರಿಸಿದ. ಪ್ರಜೆಗಳ ಕೈಯಿಂದ ಬಂದ ಕಿರೀಟ ಅವನ ಕಣ್ಣಿಗೆ ಮೈಲಿಗೆ. ಅವನು ಅದನ್ನು ಒಪ್ಪಿಕೊಂಡನೆಂದು ಬರೆದರೆ, ನೀವು ಅದೇ ಹೆಸರಿನ ಬೇರೊಬ್ಬ ರಾಜನನ್ನು ಸೃಷ್ಟಿಸಿದಂತಾಗುತ್ತದೆ.

ಇದಕ್ಕಿಂತ ಒಳ್ಳೆಯ ದಿನ 1866ರ ಜುಲೈ 3. ಜರ್ಮನಿಯ ಮುಂದಾಳತ್ವಕ್ಕಾಗಿ ಪ್ರಷ್ಯವೂ ಆಸ್ಟ್ರಿಯವೂ ಹೋರಾಡುತ್ತಿದ್ದ ಅಂದು, ಈಗಿನ ಚೆಕ್ ದೇಶದ ಬೊಹೀಮಿಯದ ಕ್ಯೋನಿಗ್‌ಗ್ರೇಟ್ಸ್ ಬಳಿ ಪ್ರಷ್ಯದ ಎರಡು ಸೈನ್ಯಗಳು ಬೆಳಗಿನಿಂದ ಆಸ್ಟ್ರಿಯದ ಫಿರಂಗಿಗಳೆದುರು ತತ್ತರಿಸುತ್ತಿದ್ದಾಗ, ಮಧ್ಯಾಹ್ನದ ಹೊತ್ತಿಗೆ ಪ್ರಷ್ಯದ ಯುವರಾಜನ ಇನ್ನೊಂದು ಸೈನ್ಯ ಪಕ್ಕದಿಂದ ಬಂದು ಎರಗಿ ಗೆಲುವು ತಂದಿತು. ಅವನಿಗೆ ಹೊರಡುವ ಆಜ್ಞೆ ತಲುಪಿದ್ದು ತಂತಿಯ ಮೂಲಕವಲ್ಲ, ಇರುಳಿನಲ್ಲಿ ಕುದುರೆ ಓಡಿಸಿಕೊಂಡು ಬಂದ ಅಧಿಕಾರಿಯ ಮೂಲಕ. ಆ ಕುದುರೆ ಕತ್ತಲಲ್ಲಿ ಒಮ್ಮೆ ಮುಗ್ಗರಿಸಿದರೆ ಸಾಕು, ನಿಮ್ಮ ಕಥೆ ಆರಂಭವಾಗುತ್ತದೆ.

ಹಾಗೆಂದು ಆಸ್ಟ್ರಿಯದ ಹಾಬ್ಸ್‌ಬರ್ಗರು ಮರುದಿನವೇ ಜರ್ಮನಿಯನ್ನು ಒಂದುಗೂಡಿಸಿದರೆಂದು ಬರೆಯಬೇಡಿ. ಅವರ ಬೊಕ್ಕಸದಲ್ಲಿ ಹಣವಿರಲಿಲ್ಲ, ಇಟಲಿಯಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು, ಹಂಗೇರಿಯನ್ನರು ತಮ್ಮ ಹಕ್ಕಿಗಾಗಿ ಪಟ್ಟುಹಿಡಿದಿದ್ದರು. ಹೆಚ್ಚೆಂದರೆ ಜರ್ಮನ್ ರಾಜ್ಯಗಳ 1815ರ ಹಳೆಯ ಸಡಿಲ ಒಕ್ಕೂಟ ಉಳಿದುಕೊಳ್ಳುತ್ತಿತ್ತು, ಅದರೊಡನೆ ಸಣ್ಣ ರಾಜವಂಶಗಳೂ ಉಳಿಯುತ್ತಿದ್ದವು. ಕಥೆಯ ನಿಜವಾದ ರಸವಿರುವುದು ಈ ಸಣ್ಣ ವಂಶಗಳಲ್ಲಿಯೇ.

ಬ್ರಿಟನ್ನನ್ನೂ ಜರ್ಮನಿಯ ಹ್ಯಾನೋವರನ್ನೂ ಆಳುತ್ತಿದ್ದ ವೆಲ್ಫ್ ವಂಶವನ್ನೇ ನೋಡಿ. ಗಂಡು ಸಂತಾನವಿರುವಾಗ ಹೆಣ್ಣಿಗೆ ಪಟ್ಟವಿಲ್ಲವೆಂಬ ಅಲ್ಲಿನ ಕಾನೂನಿನಿಂದಾಗಿ 1837ರಲ್ಲಿ ವಿಕ್ಟೋರಿಯಾಗೆ ಬ್ರಿಟನ್ ಮಾತ್ರ ದಕ್ಕಿ, ಹ್ಯಾನೋವರ್ ಅವಳ ಚಿಕ್ಕಪ್ಪನ ಪಾಲಾಯಿತು. ಅವನ ಮಗ, ಕಣ್ಣು ಕಾಣದ ಐದನೆಯ ಗಿಯೋರ್ಗ್, 1866ರಲ್ಲಿ ಆಸ್ಟ್ರಿಯದ ಪಕ್ಷ ವಹಿಸಿ ರಾಜ್ಯವನ್ನೇ ಕಳೆದುಕೊಂಡ. ಪ್ರಷ್ಯ ಮುಟ್ಟುಗೋಲು ಹಾಕಿಕೊಂಡ ಅವನ ಸಂಪತ್ತು ಬಿಸ್ಮಾರ್ಕನ ಗುಪ್ತನಿಧಿಯಾಯಿತು. 1870ರ ನವೆಂಬರ್ 30ರಂದು ಬವೇರಿಯದ ಎರಡನೆಯ ಲುಡ್‌ವಿಗ್ ಹಲ್ಲುನೋವಿನಿಂದ ಹಾಸಿಗೆ ಹಿಡಿದಿದ್ದಾಗ, ಪ್ರಷ್ಯದ ರಾಜ ವಿಲ್ಹೆಲ್ಮನಿಗೆ ಚಕ್ರವರ್ತಿ ಪದವಿ ಸಲ್ಲಬೇಕೆಂಬ ಪತ್ರವನ್ನು ಬಿಸ್ಮಾರ್ಕನ ಕರಡಿನ ಆಧಾರದ ಮೇಲೆ ಬರೆದುಕೊಟ್ಟ. ಅರಮನೆ ಕಟ್ಟಿಸುವ ಹುಚ್ಚಿನ ಈ ರಾಜನಿಗೆ ಆಮೇಲೆ ಗುಟ್ಟಾಗಿ ಸಂದಾಯವಾದದ್ದು ಅದೇ ವೆಲ್ಫರ ಹಣ. ಈಗ ಎಳೆಯನ್ನು ಹಿಂದಕ್ಕೆ ಎಳೆಯಿರಿ: ಕುದುರೆ ಮುಗ್ಗರಿಸಿದರೆ ಹ್ಯಾನೋವರ್ ಉಳಿಯುತ್ತದೆ, ಗುಪ್ತನಿಧಿ ಹುಟ್ಟುವುದೇ ಇಲ್ಲ, ಬವೇರಿಯದ ರಾಜನಿಗೆ ಪ್ರಷ್ಯದವನ ಮುಂದೆ ತಲೆಬಾಗಲು ಇದ್ದ ಒಂದು ಕಾರಣ ಇಲ್ಲವಾಗುತ್ತದೆ. ಪ್ರತಿ ವಂಶಕ್ಕೂ ಇಂಥದೇ ಲೆಕ್ಕ ಹಾಕಿ, ಪಟ್ಟದ ಕಾನೂನು, ಸಾಲ, ಮದುವೆಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಧರ್ಮವನ್ನು ಮರೆಯಬೇಡಿ. ಸ್ಯಾಕ್ಸನಿಯ ರಾಜವಂಶ ಪೋಲೆಂಡಿನ ಕಿರೀಟಕ್ಕಾಗಿ 1697ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿದರೂ ಪ್ರಜೆಗಳು ಲೂಥರನ ಅನುಯಾಯಿಗಳಾಗಿಯೇ ಉಳಿದರು. ಸ್ಯಾಕ್ಸನಿಯ ರಾಜಧಾನಿ ಡ್ರೆಸ್ಡೆನ್ನಿನಿಂದ ಚಕ್ರವರ್ತಿಯೊಬ್ಬನನ್ನು ತರಬಯಸುವವರಿಗೆ ಇದು ತೊಡಕೂ ಹೌದು, ಅನುಕೂಲವೂ ಹೌದು.

ಬಿರುದುಗಳನ್ನು ಕೊನೆಯಲ್ಲಿ ಗೊತ್ತುಮಾಡಿ, ಆದರೆ ಎಚ್ಚರದಿಂದ. 1871ರ ಜನವರಿ 18ರಂದು ವರ್ಸೈಲ್ಸಿನಲ್ಲಿ ವಿಲ್ಹೆಲ್ಮ್ 'ಜರ್ಮನಿಯ ಚಕ್ರವರ್ತಿ' ಎನಿಸಿಕೊಳ್ಳಬಯಸಿದ್ದ. ಉಳಿದ ರಾಜರ ನೆಲದ ಮೇಲೆ ಒಡೆತನ ಸಾರುವಂತಿದ್ದ ಆ ಬಿರುದಿನ ಬದಲು ಬಿಸ್ಮಾರ್ಕ್ 'ಜರ್ಮನ್ ಚಕ್ರವರ್ತಿ' ಎಂಬುದಕ್ಕೇ ಅಂಟಿಕೊಂಡ. ಬಾಡೆನ್ನಿನ ಗ್ರ್ಯಾಂಡ್ ಡ್ಯೂಕ್ ಎರಡನ್ನೂ ಬಿಟ್ಟು 'ಚಕ್ರವರ್ತಿ ವಿಲ್ಹೆಲ್ಮ್' ಎಂದು ಜೈಕಾರ ಹಾಕಿ ಪಾರಾದ. ನಿಮ್ಮ ಕಥೆಯಲ್ಲಿ ಪಟ್ಟಾಭಿಷೇಕ ಯಾರದೇ ಆಗಿರಲಿ, ಜೈಕಾರ ಕೂಗುವವನು ಯಾವ ಪದ ಬಳಸುತ್ತಾನೆಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಿ.