ಬಾಕಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕ

ಫೆಬ್ರವರಿಯಲ್ಲಿ ತಲೆಸುತ್ತು ಎಂದು ಮನೆ ಹತ್ತಿರದ ಕ್ಲಿನಿಕ್‌ಗೆ ಹೋದೆ. ಬಿಪಿ 150/96. "ಟೆನ್ಶನ್ ಜಾಸ್ತಿ ಇದೆಯಾ ಅಮ್ಮ?" ಎಂದು ಡಾಕ್ಟ್ರು ಕೇಳಿದರು. "ಹಾಗೇನಿಲ್ಲ ಡಾಕ್ಟ್ರೇ, ಎಲ್ಲರಿಗೂ ಇರುವಷ್ಟೇ" ಎಂದೆ. ಎಲ್ಲರಿಗೆ ಎಷ್ಟಿರುತ್ತದೆ, ನನಗೆ ಎಷ್ಟಿದೆ, ಎರಡೂ ನನಗೆ ಗೊತ್ತಿರಲಿಲ್ಲ. ಮಲ್ಪೆಯಲ್ಲಿ ಬೋಟಿನ ಸಾಮಾನು ಮಾರುವ ಅಂಗಡಿಯಲ್ಲಿ 14 ವರ್ಷದಿಂದ ಲೆಕ್ಕ ಬರೆಯುವವಳು ನಾನು. ಬಲೆ, ಹಗ್ಗ, ಗ್ರೀಸ್, ಯಾರದು ಎಷ್ಟು ಬಾಕಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಟೆನ್ಶನ್‌ಗೆ ಮಾತ್ರ ಪುಸ್ತಕ ಇಟ್ಟಿರಲಿಲ್ಲ.

ಡಾಕ್ಟ್ರು ತಕ್ಷಣ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲೇ ನೋಡಿಕೊಂಡು ಬನ್ನಿ ಎಂದರು. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ ಇರಬೇಕು, ಪಾದ ನೆಲದ ಮೇಲೆ, ಕೈ ಎದೆಯ ಮಟ್ಟಕ್ಕೆ. ಅರ್ಧ ಗಂಟೆ ಮೊದಲಿನಿಂದ ಚಾ ಕಾಫಿ ಬೇಡ, ನೋಡುವಾಗ ಮಾತಾಡಬಾರದು. ಬೆಳಿಗ್ಗೆ ಐದು ನಿಮಿಷ ಸುಮ್ನೆ ಕೂರುವುದೇ ಮನೆಯಲ್ಲಿ ದೊಡ್ಡ ಸುದ್ದಿಯಾಯಿತು. ಅತ್ತೆ ಎರಡು ಸಲ ಬಂದು "ಎಂತಾಯ್ತು?" ಎಂದು ವಿಚಾರಿಸಿದರು. ವಾರದ ಸರಾಸರಿ 130/84ರ ಹತ್ತಿರ ಬಂತು. ಡಾಕ್ಟ್ರು, "ಉಪ್ಪು ಕಡಿಮೆ ಮಾಡಿ, ನಡೆಯಿರಿ, ತಿಂಗಳು ಬಿಟ್ಟು ಬನ್ನಿ. ಆ ಟೆನ್ಶನ್ ಎಲ್ಲಿಂದ ಬರುತ್ತದೆ ಎಂದೂ ಸ್ವಲ್ಪ ನೋಡಿಕೊಳ್ಳಿ" ಎಂದರು.

ಮೊದಲು ನಂಬಿದ್ದು ವಾಚನ್ನು. ದುಬೈಯಿಂದ ಬಂದಿದ್ದ ತಮ್ಮ ಕೊಟ್ಟ ವಾಚು. ಅದರಲ್ಲಿ ಸ್ಟ್ರೆಸ್ ಎಂದು ಒಂದು ಅಂಕೆ ಬರುತ್ತದೆ, 100ಕ್ಕೆ ಇಷ್ಟು ಎಂದು. ಪಕ್ಕದ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ ಇತ್ತು. ನಡುರಾತ್ರಿ ದೊಂದಿ ಹಿಡಿದುಕೊಂಡು ಜನರ ನಡುವಿನಿಂದ ಮಹಿಷಾಸುರ ಬಂದ. ಚೆಂಡೆ ಎದೆಗೇ ಬಡಿಯುತ್ತಿತ್ತು. ವಾಚು ನೋಡಿದರೆ 88! ನನಗೋ ಅಷ್ಟು ಖುಷಿಯಾಗಿ ವರ್ಷವೇ ಆಗಿತ್ತು. ಮರುದಿನ ರಾತ್ರಿ ಬಾಕಿ ವಸೂಲಿಯ ಯೋಚನೆಯಲ್ಲಿ ನಿದ್ದೆ ಬಾರದೆ ಹೊರಳುತ್ತಿದ್ದೆ. ಆಗ ಅದು 31 ಎಂದಿತು.

ಸುಳ್ಳು ವಾಚು ಎಂದು ಬೈದೆ. ಆಮೇಲೆ ಓದಿ ನೋಡಿದರೆ ತಪ್ಪು ಅದರದ್ದಲ್ಲ. ಎದೆಬಡಿತಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಉಸಿರು ಎಳೆದುಕೊಂಡಾಗ ಬಡಿತ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ. ಆರಾಮಾಗಿದ್ದಾಗ ಈ ಏರಿಳಿತ ಚೆನ್ನಾಗಿ ಕಾಣುತ್ತದೆ, ಮೈ ಬಿಗಿಯಾದಾಗ ಕಡಿಮೆಯಾಗುತ್ತದೆ. ವಾಚು ಅಳೆಯುವುದು ಹೆಚ್ಚಾಗಿ ಇದನ್ನು. ಆದರೆ ಖುಷಿ, ಜ್ವರ, ಕಾಫಿ, ನಿದ್ದೆಗೆಟ್ಟದ್ದು, ನಮ್ಮ ಏಪ್ರಿಲ್‌ನ ಸೆಕೆ, ಎಲ್ಲವೂ ಅದಕ್ಕೆ ಒಂದೇ. ಮೈ ಎದ್ದು ಕೂತಿದೆ ಎಂದು ಹೇಳುತ್ತದೆ. ಯಾಕೆ ಎಂದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ನನಗೆ ಗೊತ್ತಿರುವ ದಾರಿಯನ್ನೇ ಹಿಡಿದೆ. 20 ರೂಪಾಯಿಯ ನೋಟ್‌ಬುಕ್. ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 1ಕ್ಕೆ, ರಾತ್ರಿ 9ಕ್ಕೆ, ಟೆನ್ಶನ್ ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕೆ. ಪಕ್ಕದಲ್ಲಿ ಮೈಯಲ್ಲಿ ಎಲ್ಲಿ ಬಿಗಿ ಎಂದು ಒಂದು ಮಾತು, ಅದಕ್ಕಿಂತ ಸ್ವಲ್ಪ ಮೊದಲು ಏನು ನಡೆಯಿತು ಎಂದು ಒಂದು ಸಾಲು. ಅಷ್ಟೇ. ಜಾಸ್ತಿ ಬರೆಯಲು ಹೋದರೆ ನಾಲ್ಕನೇ ದಿನಕ್ಕೆ ಬಿಟ್ಟುಬಿಡುತ್ತೇನೆ, ನನ್ನ ಬುದ್ಧಿ ನನಗೆ ಗೊತ್ತಿಲ್ವಾ? ಮೊದಲ ಪುಟದಲ್ಲಿ 14416 ಎಂದು ಬರೆದಿಟ್ಟೆ. ಅದು ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಸರ್ಕಾರದ ಫೋನ್ ಸಹಾಯ, ಕನ್ನಡದಲ್ಲೇ ಮಾತಾಡಬಹುದು. ನನಗೆ ಈವರೆಗೆ ಬೇಕಾಗಿಲ್ಲ. ಇರಲಿ ಎಂದು ಬರೆದದ್ದು.

ಇದರ ಜೊತೆಗೆ ತಿಂಗಳಿಗೊಮ್ಮೆ ಹತ್ತು ಪ್ರಶ್ನೆಯ ಒಂದು ಹಾಳೆ. 1983ರಲ್ಲಿ ಅಮೆರಿಕದ ಶೆಲ್ಡನ್ ಕೋಹೆನ್ ಮತ್ತು ಇನ್ನಿಬ್ಬರು 14 ಪ್ರಶ್ನೆಗಳೊಂದಿಗೆ ಮಾಡಿದ ಟೆನ್ಶನ್ ಅಳತೆ ಇದು. ಈಗ ಜಾಸ್ತಿ ಬಳಸುವುದು ಹತ್ತು ಪ್ರಶ್ನೆಯದ್ದನ್ನು. ಹೋದ ತಿಂಗಳಲ್ಲಿ ಎಷ್ಟು ಸಲ ಕೈಮೀರಿ ಹೋಯಿತು ಅನಿಸಿತು ಎಂಬಂಥ ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 40. ನಾನು ಎಲ್ಲವನ್ನೂ ನೇರ ಕೂಡಿಸಿ 23 ಎಂದು ಸಮಾಧಾನ ಪಟ್ಟುಕೊಂಡೆ. ಆದರೆ ನಾಲ್ಕು ಪ್ರಶ್ನೆಗಳು ಒಳ್ಳೆಯದನ್ನು ಕೇಳುತ್ತವೆ, ಅವುಗಳ ಅಂಕ ತಿರುಗಿಸಿ ಹಾಕಬೇಕು. ತಿರುಗಿಸಿದರೆ 27! ಲೆಕ್ಕದವಳಾಗಿ ನಾಚಿಕೆಯಾಯಿತು. ಇಷ್ಟು ಬಂದರೆ ರೋಗ ಎಂದು ಹೇಳುವ ಪರೀಕ್ಷೆ ಇದಲ್ಲ. ನಾನು ಹೋಲಿಸುವುದು ನನ್ನ ಹಿಂದಿನ ತಿಂಗಳ ಅಂಕದ ಜೊತೆಗೆ ಮಾತ್ರ.

ಮೂರು ವಾರ ಕಳೆದು ನೋಟ್‌ಬುಕ್ ಬಿಡಿಸಿ ಕೂತೆ. ಸಂತೆಕಟ್ಟೆಯ ಟ್ರಾಫಿಕ್ಕೇ ನನ್ನನ್ನು ಕೊಲ್ಲುವುದು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು 3, ಹೆಚ್ಚೆಂದರೆ 4. ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲದ ದಿನಗಳೂ 4. ಆದರೆ ಮಧ್ಯಾಹ್ನದ ಸಾಲಿನಲ್ಲಿ ಅಲ್ಲಲ್ಲಿ 8, 8, 9. ಕುತ್ತಿಗೆ ಬಿಗಿ, ಹೊಟ್ಟೆ ಬಿಗಿ. ಪಕ್ಕದ ಸಾಲು ಓದಿದೆ. "ಧಣಿ ಇಲ್ಲ, ಬಲೆ ಸಾಲಕ್ಕೆ ಕೇಳಿದರು." "ಧಣಿ ಫೋನ್ ತೆಗೆಯಲಿಲ್ಲ." "ಕೊಟ್ಟದ್ದಕ್ಕೆ ಧಣಿ ಬೈದರು." ಒಂದು ವಾರದ ನಂತರ, "ಕೊಡದ್ದಕ್ಕೆ ಧಣಿ ಬೈದರು."

ಕೆಲಸ ಜಾಸ್ತಿ ಆದದ್ದು ಸಮಸ್ಯೆಯೇ ಅಲ್ಲ. ಉತ್ತರ ಹೇಳಬೇಕಾದವಳು ನಾನು, ತೀರ್ಮಾನ ಮಾತ್ರ ನನ್ನ ಕೈಯಲ್ಲಿ ಇಲ್ಲ. ಆಮೇಲೆ ಓದುವಾಗ ಸಿಕ್ಕಿತು, ರಾಬರ್ಟ್ ಕರಾಸೆಕ್ ಎನ್ನುವವರು ಇದನ್ನೇ 1979ರಲ್ಲಿ ಬರೆದಿದ್ದಾರೆ. ಬರೀ ಕೆಲಸದ ಭಾರಕ್ಕಿಂತ, ಭಾರದ ಜೊತೆ ನಿರ್ಧಾರದ ಹಕ್ಕೂ ಇಲ್ಲದಾಗ ಆಯಾಸ ಹೆಚ್ಚು ಎಂದು. ಮಲ್ಪೆಗೆ ಬಂದಿದ್ದರೆ ಒಂದೇ ದಿನದಲ್ಲಿ ಬರೆಯುತ್ತಿದ್ದರೇನೋ.

ಧಣಿಗೆ ಪುಸ್ತಕ ತೋರಿಸಲಿಲ್ಲ. ಸಾಲದ ವಿಷಯ ಮಾತ್ರ ಕೇಳಿದೆ. "ಧಣಿ, 5,000ದವರೆಗೆ ನಾನೇ ನೋಡಿಕೊಳ್ಳುತ್ತೇನೆ. ಅದಕ್ಕಿಂತ ಮೇಲಾದರೆ ನೀವು ಬರುವವರೆಗೆ ಇಲ್ಲ ಎನ್ನುತ್ತೇನೆ. ಆಮೇಲೆ ನನಗೆ ಬೈಯಬಾರದು." ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಆಯ್ತು ಮಾರಾಯ್ತಿ" ಎಂದರು. ಇಷ್ಟು ಸುಲಭ ಎಂದು ಗೊತ್ತಿದ್ದರೆ ಹತ್ತು ವರ್ಷ ಮೊದಲೇ ಕೇಳುತ್ತಿದ್ದೆ. ಬೈಗುಳ ಪೂರ್ತಿ ನಿಂತಿಲ್ಲ ಬಿಡಿ. ಆದರೆ ಮೇ ತಿಂಗಳಲ್ಲಿ, ಮೀನುಗಾರಿಕೆ ನಿಲ್ಲುವ ಮೊದಲು ಬಾಕಿ ಎಳೆಯುವ ಆ ಗಡಿಬಿಡಿಯಲ್ಲೂ, ಹತ್ತು ಪ್ರಶ್ನೆಯ ಅಂಕ 19 ಬಂತು. ಮನೆಯ ಬಿಪಿ 126ರ ಆಸುಪಾಸು. ಅದಕ್ಕೆ ಉಪ್ಪು, ನಡಿಗೆಯೂ ಕಾರಣ ಇರಬಹುದು.

ಉಸಿರಿನ ಅಭ್ಯಾಸವನ್ನೂ ಮಾಡುತ್ತೇನೆ. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ನಿಮಿಷಕ್ಕೆ ಆರು ಉಸಿರು. ಬಸ್ಸಿನಲ್ಲಿ ಐದು ನಿಮಿಷ ಮಾಡಿದರೆ ಕುತ್ತಿಗೆ ಸಡಿಲವಾಗುತ್ತದೆ. ಧಣಿಯ ಹತ್ತಿರ ಮಾತಾಡದೆ ಬರೀ ಇದನ್ನೇ ಮಾಡಿಕೊಂಡಿದ್ದರೆ 9 ಹೋಗಿ 8 ಆಗುತ್ತಿತ್ತು, ಅಷ್ಟೇ.

ಜೂನ್, ಜುಲೈ ಟ್ರಾಲ್ ಬೋಟುಗಳಿಗೆ 61 ದಿನ ರಜೆ. ನನಗೂ ಆರಾಮ ಎಂದುಕೊಂಡಿದ್ದೆ. ಮಧ್ಯಾಹ್ನದ ಅಂಕೆ 2ಕ್ಕೆ ಇಳಿಯಿತು, ರಾತ್ರಿ 9ರದ್ದು ಮಾತ್ರ 6ಕ್ಕೆ ಏರಿತು. ಮಗನ ಸೆಕೆಂಡ್ ಪಿಯುಸಿ ಶುರುವಾಗಿತ್ತು. ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳು ಫಲಿತಾಂಶದಲ್ಲಿ ಮುಂದೆ ಎಂದು ಪೇಪರಿನಲ್ಲಿ ಓದಲು ಚಂದ. ಮನೆಯೊಳಗೆ ಒಬ್ಬ ಪಿಯುಸಿ ಹುಡುಗ ಇರಬೇಕು, ಆಗ ಗೊತ್ತಾಗುತ್ತದೆ.

ಒಂದು ರಾತ್ರಿ ಅವನೇ ಪುಸ್ತಕ ತಿರುವಿ ನೋಡಿದ. "ಅಮ್ಮ, ಈ ಆರು ಅಂದರೆ ನಾನಾ?" ಎಂದ. ಏನು ಹೇಳಬೇಕು ಎಂದು ತೋಚಲಿಲ್ಲ. ಅವನು ಪೆನ್ನು ತೆಗೆದುಕೊಂಡು ನನ್ನ ಆರರ ಪಕ್ಕದಲ್ಲಿ ತನ್ನದು ಬರೆದ. 7. ಅಷ್ಟು ದಿನ ನಾನು ಅವನ ಬಗ್ಗೆ ಬರೆಯುತ್ತಿದ್ದೆ, ಅವನನ್ನು ಕೇಳಿರಲಿಲ್ಲ.

ಈಗ ರಾತ್ರಿಯ ಸಾಲಿನಲ್ಲಿ ಎರಡು ಅಂಕೆ ಇರುತ್ತದೆ. ಅವನು ದಿನಾ ಬರೆಯುವುದಿಲ್ಲ. ಬರೆದಾಗ ಹೆಚ್ಚಾಗಿ 5, 6. ಬೂತಾಯಿ ಮೀನಿನ ಪುಳಿಮುಂಚಿ ಮಾಡಿದ ದಿನ ಮಾತ್ರ 2.